ಒಂದೇ ಯಂತ್ರದಲ್ಲಿ ಎರಡು ಪುಟ

ವೆತುರಿಯಾ ಅಕ್ಕ ಒಂದೇ ಕಂಪ್ಯೂಟರಿನಲ್ಲಿ ಒಂದು ಪುಟಕ್ಕಿಂತ ಹೆಚ್ಚು ಬರೆಯುತ್ತಿರಲಿಲ್ಲ. ನಮ್ಮ ಕಟ್ಟಡದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ನಗುತ್ತಲೂ ಇದ್ದರು. ಮಹಡಿಯ ನೀರಿನ ಪೈಪು ಸೋರುತ್ತಿದೆ ಎಂದು ನಗರಸಭೆಗೆ ದೂರು ಬರೆಯುವಾಗ ಮೊದಲ ಪುಟವನ್ನು ಗ್ರಂಥಾಲಯದಲ್ಲಿ ಬರೆದಳು, ಎರಡನೆಯದನ್ನು ಕೆಳಗಿನ ಮನೆಯ ದರ್ಜಿಯ ಟ್ಯಾಬ್ಲೆಟ್ಟಿನಲ್ಲಿ.

"ಅಕ್ಕಾ, ಪೈಪು ಸೋರೋದೂ ಸರ್ಕಾರದ ಗುಟ್ಟಾ?" ಎಂದು ದರ್ಜಿ ಕೇಳಿದಳಂತೆ.

"ನಗು ನಗು. ನೀನು ಹುಟ್ಟಿದ್ದು ತಡ, ಅದಕ್ಕೇ ನಗು ಬರುತ್ತೆ ನಿಂಗೆ," ಎಂದಳಂತೆ ಅಕ್ಕ.

ಅವಳಿಗೆ ಎಪ್ಪತ್ತೊಂದು ವರ್ಷ. ನಮ್ಮೂರಿನ ಹಾಲಿನ ಡೈರಿಯ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಬೆರಳಚ್ಚು ಮಾಡಿದವಳು. ಆಗಿನ ಸರ್ವಾಧಿಕಾರದ ಕಾಲದಲ್ಲಿ ಪ್ರತಿ ವರ್ಷದ ಆರಂಭದಲ್ಲಿ ಊರಿನ ಬೆರಳಚ್ಚು ಯಂತ್ರಗಳನ್ನೆಲ್ಲ ಪೊಲೀಸ್ ಠಾಣೆಗೆ ಹೊತ್ತುಕೊಂಡು ಹೋಗಬೇಕಿತ್ತು. ಅಲ್ಲಿ ಅಧಿಕಾರಿಯ ಎದುರಿಗೆ ಎಲ್ಲ ಅಕ್ಷರ, ಎಲ್ಲ ಅಂಕಿಗಳನ್ನು ಒಂದು ಹಾಳೆಯ ಮೇಲೆ ಒತ್ತಿ ಕೊಡಬೇಕು. ಯಂತ್ರ ಯಾರ ಹೊಣೆಯಲ್ಲಿದೆಯೋ ಅವರ ಹೆಸರಿನಲ್ಲಿ ಆ ಹಾಳೆ ಕಡತಕ್ಕೆ ಸೇರುತ್ತಿತ್ತು. ಒಂದೊಂದು ಯಂತ್ರಕ್ಕೆ ಒಂದೊಂದು ಕೈಬರಹ ಇರುತ್ತದೆ. ಒಂದರಲ್ಲಿ ಒಂದು ಅಕ್ಷರ ಗೆರೆಯಿಂದ ಮೇಲೆ ಹಾರುತ್ತದೆ, ಇನ್ನೊಂದರಲ್ಲಿ ಸೊನ್ನೆ ಕಾಗದವನ್ನೇ ತೂತು ಮಾಡುತ್ತದೆ. ಸರ್ಕಾರಕ್ಕೆ ಬೇಡದ ಕಾಗದವೊಂದು ಎಲ್ಲಾದರೂ ಸಿಕ್ಕಿದರೆ ಆ ಹಾಳೆಗಳ ಪಕ್ಕದಲ್ಲಿಟ್ಟು ಯಂತ್ರವನ್ನು ಹಿಡಿಯುತ್ತಿದ್ದರು, ಯಂತ್ರದಿಂದ ಮನುಷ್ಯನನ್ನು.

ಆ ಕಾಲ ಮುಗಿದು ಕಂಪ್ಯೂಟರು ಬಂದಾಗ ಅಕ್ಕ ಮೂರೇ ದಿನಕ್ಕೆ ಕಲಿತಳು. ಗ್ರಂಥಾಲಯದ ಯಂತ್ರದಲ್ಲಿ ಬರೆಯುವ ಪ್ರೋಗ್ರಾಮಿನ ಚಿತ್ರ ಪರದೆಯ ಕೆಳಗಿದೆ. ನಮ್ಮ ಚರ್ಚಿನ ಹಳೆಯ ಕಂಪ್ಯೂಟರಿನಲ್ಲಿ ಮೂಲೆಯನ್ನು ಒತ್ತಿ ಅದರ ಹೆಸರಿನ ಮೊದಲಕ್ಷರಗಳನ್ನು ಹಾಕಬೇಕು. ದರ್ಜಿಯ ಟ್ಯಾಬ್ಲೆಟ್ಟಿನಲ್ಲಿ ಅದು ನೀಲಿ ಬಿಲ್ಲೆ, ಬೆರಳಿಂದ ಮುಟ್ಟಿದರೆ ಸಾಕು. "ಮನೆ ಒಂದೇ ಕಣೇ ರಫಿಲಾ, ಬಾಗಿಲು ಮಾತ್ರ ಬೇರೆ ಬೇರೆ ಕಡೆ ಇಟ್ಟಿದ್ದಾರೆ," ಎನ್ನುತ್ತಿದ್ದಳು ನನಗೆ. ನಾನು ಚರ್ಚಿನಲ್ಲಿ ಮೇಣದಬತ್ತಿ ಮಾರುವವಳು. ಪ್ರಾರ್ಥನೆಯಲ್ಲಿ ಓದಬೇಕಾದ ಹೆಸರುಗಳ ಪಟ್ಟಿ ಮಾಡುವ ಕೆಲಸವೂ ನನ್ನದೇ. ನೋಡಿ ನೋಡಿಯೇ ಕಂಪ್ಯೂಟರು ಕಲಿತೆ, ಅದರಲ್ಲಿ ಅರ್ಧ ಅವಳಿಂದ.

ಈಸ್ಟರಿಗೆ ಮುಂಚಿನ ವಾರ, ಸೋಮವಾರ ಬೆಳಿಗ್ಗೆ ಅವಳು ಚರ್ಚಿಗೆ ಬಂದಳು. ಮೇಣದಬತ್ತಿ ಕೊಳ್ಳಲಿಲ್ಲ.

"ನಿನ್ನ ಕಂಪ್ಯೂಟರು ಅರ್ಧ ಗಂಟೆ ಕೊಡ್ತೀಯಾ?"

ಕೊಟ್ಟೆ. ಅವಳು ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಬರೆದಳು. ಹೋಗುವಾಗ ನನ್ನ ಮುಖ ನೋಡಲಿಲ್ಲ.

ಮರುದಿನ ನಾನು ಪಟ್ಟಿಗೆಂದು ಪ್ರೋಗ್ರಾಮು ತೆರೆದೆ. ತೆರೆದ ಕೂಡಲೇ ಈಚೆಗೆ ಬರೆದವುಗಳ ಹೆಸರು ಅದು ತಾನೇ ತೋರಿಸುತ್ತದೆ. ನನ್ನ ಪಟ್ಟಿಗಳ ಮೇಲೆ "ಉಪ್ಪಿನಕಾಯಿ" ಎಂಬ ಹೆಸರಿತ್ತು. ಅಡುಗೆಯ ವಿಷಯ ಎಂದುಕೊಂಡು ತೆರೆದೆ. ಮೂರು ಸಾಲು ಓದಿದಾಗ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಆ ತಪ್ಪನ್ನು ಅದೇ ವಾರದ ಕೊನೆಗೆ ಪಾದ್ರಿಗಳ ಮುಂದೆ ಹೇಳಿಕೊಂಡಿದ್ದೇನೆ.

ಅದರಲ್ಲಿ ಹೀಗಿತ್ತು: "ಸಾಬಿನ್ ಓಲ್ತೆಯಾನ್ ಅವರನ್ನು ಕಚೇರಿಯಿಂದಲೇ ಕರೆದೊಯ್ದರು. ಡೈರಿಯ ಕಾಗದ ಕದ್ದರು ಎಂದರು. ಅವರು ಒಂದು ಹಾಳೆಯನ್ನೂ ಕದ್ದಿರಲಿಲ್ಲ. ಪೊಲೀಸರು ಹುಡುಕುತ್ತಿದ್ದ ಕಾಗದ ಯಾವುದೆಂದು ನನಗೆ ಗೊತ್ತಿತ್ತು."

ಸಾಬಿನಣ್ಣನ ವಿಷಯ ಊರಿಗೆಲ್ಲ ಗೊತ್ತು. ಅವನು ಡೈರಿಯಲ್ಲಿ ಹಾಲು ಕಳಿಸುವ ವಿಭಾಗದ ಗುಮಾಸ್ತನಾಗಿದ್ದ. ಎಂಬತ್ತೈದರ ಚಳಿಗಾಲದಲ್ಲಿ ಕಳ್ಳತನದ ಮೇಲೆ ಜೈಲಿಗೆ ಹೋದ. ಬಿಡುಗಡೆಯಾಗಿ ಬಂದ ಮೇಲೆ ಇಟ್ಟಿಗೆ ಹೊತ್ತ, ಗೇಟು ಕಾದ. ಚರ್ಚಿನ ಸಮಿತಿಗೆ ಅವನ ಹೆಸರು ಬಂದಾಗಲೆಲ್ಲ ಯಾರಾದರೊಬ್ಬರು ಕೆಮ್ಮುತ್ತಿದ್ದರು. ಈಗ ಎಪ್ಪತ್ತೊಂಬತ್ತು ವರ್ಷದ ಅವನ ಪರವಾಗಿ ಮಗಳು ಲಿಜಿಯಾ ನ್ಯಾಯಾಲಯಕ್ಕೆ ಹೋಗಿದ್ದಳು. ಅವಳು ಕೇಳಿದ್ದು ಪರಿಹಾರವಲ್ಲ. ಅಪ್ಪನ ದಾಖಲೆಯಲ್ಲಿರುವ "ಕಳ್ಳತನ" ಎಂಬ ಮಾತನ್ನು ತೆಗೆದುಹಾಕಬೇಕು, ಅಷ್ಟೇ. ನಿಜವಾದ ಕಾರಣ ಯಾರೋ ಬರೆದ ಹೆಸರಿಲ್ಲದ ಪತ್ರವೊಂದು ಎಂದು ಹೇಳಲು ಒಬ್ಬ ಸಾಕ್ಷಿ ಬೇಕಿತ್ತು. ವಿಚಾರಣೆ ಹಬ್ಬ ಮುಗಿದ ಮಂಗಳವಾರ. ಸಾಕ್ಷಿಯ ಹೇಳಿಕೆಗೆ ನೋಟರಿಯ ಮೊಹರು ಬೇಕು, ಊರಿಗೊಬ್ಬಳೇ ನೋಟರಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ವಿಚಾರಣೆಯ ಮರುದಿನ.

ಇದೆಲ್ಲ ನನಗೆ ಲಿಜಿಯಾಳೇ ಹೇಳಿದ್ದು, ಹಿಂದಿನ ಭಾನುವಾರ, ಬತ್ತಿ ಹಚ್ಚಲು ಬಂದಾಗ. "ಸಾಕ್ಷಿ ಇಲ್ಲ ರಫಿಲತ್ತೆ. ಆ ಪತ್ರ ಬರ್ದೋರು ಯಾರು ಅಂತ ಅಪ್ಪಂಗೆ ಮೊದಲಿಂದ್ಲೂ ಗೊತ್ತು. ಬಾಯೇ ಬಿಡಲ್ಲ. ಕೇಳಿದ್ರೆ ಕಿವಿ ಕೇಳ್ಸದವರ ಹಾಗೆ ಆಡ್ತಾರೆ."

ಬುಧವಾರ ಬೆಳಿಗ್ಗೆ ವೆತುರಿಯಾ ಅಕ್ಕ ಓಡುತ್ತ ಬಂದಳು. ತಲೆಗೆ ಕಟ್ಟಿದ ಬಟ್ಟೆ ಜಾರಿ ಹೆಗಲಿಗೆ ಬಿದ್ದಿತ್ತು.

"ಹೋಯ್ತು," ಎಂದಳು. "ಗ್ರಂಥಾಲಯದ್ದು ಹೋಯ್ತು. ಸಾಯಂಕಾಲ ಯಂತ್ರ ಆರಿಸಿದ್ರೆ ಯಾರು ಏನು ಬರ್ದಿದ್ರೂ ಅಳಿಸಿಹೋಗುತ್ತಂತೆ. ಅಲ್ಲಿಯೋಳು ನಗ್ತಾ ಹೇಳ್ತಾಳೆ, ಯಾರ ಗುಟ್ಟೂ ಇಲ್ಲಿ ಉಳಿಯಲ್ಲ ಅಜ್ಜಿ ಅಂತ!"

ಅವಳು ಹೇಳಿಕೆಯನ್ನು ಮೂರು ತುಂಡು ಮಾಡಿದ್ದಳು. ಮೊದಲ ಪುಟ ಗ್ರಂಥಾಲಯದಲ್ಲಿ, ಎರಡನೆಯದು ನನ್ನಲ್ಲಿ, ಮೂರನೆಯದು ದರ್ಜಿಯಲ್ಲಿ. ಯಾವ ಯಂತ್ರಕ್ಕೂ ಪೂರ್ತಿ ಕಥೆ ತಿಳಿಯಬಾರದು. ಕೊನೆಯ ದಿನ ಮೂರನ್ನೂ ಕೂಡಿಸುವುದು ಎಂದುಕೊಂಡಿದ್ದಳು. "ನಾನು ಬರೆದೆ" ಎಂಬ ಮಾತು ಇದ್ದದ್ದು ಮೊದಲ ಪುಟದಲ್ಲಿ. ಅದೇ ಹೋಗಿತ್ತು.

ಬೆಂಚಿನ ಮೇಲೆ ಕುಳಿತು ಉಸಿರು ಬಿಟ್ಟಳು. ಆ ಉಸಿರಿನಲ್ಲಿ ದುಃಖಕ್ಕಿಂತ ಬೇರೆ ಏನೋ ಇತ್ತು. "ದೇವರಿಗೇ ಬೇಡ ಅನ್ಸುತ್ತೆ," ಎಂದಳು. "ನಾನಂತೂ ಪ್ರಯತ್ನ ಮಾಡ್ದೆ."

ಆಗ ಹೇಳಿದೆ: "ಅಕ್ಕಾ, ನಾನು ಓದಿದೆ."

ಅವಳ ಮುಖ ಬಿಳಿಚಿತು. ಮರುಕ್ಷಣ ಕೆಂಪಾಯಿತು. "ಓದಿದ್ಯಾ? ನಲವತ್ತು ವರ್ಷ ಪೊಲೀಸರಿಗೇ ಸಿಗಲಿಲ್ಲ, ನಿನ್ನ ಮೇಣದ ಅಂಗಡೀಲಿ ಸಿಕ್ಕಿಬಿದ್ದೆನಲ್ಲ! ಯಾರಿಗೆ ಹೇಳ್ದೆ? ಪಾದ್ರಿಗಾ? ದರ್ಜಿಗಾ?"

"ಯಾರಿಗೂ ಇಲ್ಲ."

ನಾನು ಅವಳ ಪಕ್ಕ ಕುಳಿತೆ. ಪಕ್ಕದಲ್ಲಿ ಕುಳಿತರೆ ಜನ ಹೇಳುತ್ತಾರೆ. ಅವಳೂ ಹೇಳಿದಳು. ಆ ಚಳಿಗಾಲ ಊರಿನ ಮಕ್ಕಳಿಗೆ ಹಾಲು ಸಿಗುತ್ತಿರಲಿಲ್ಲ, ತಾಯಂದಿರು ಬೆಳಗಿನ ನಾಲ್ಕಕ್ಕೇ ಸಾಲು ನಿಲ್ಲುತ್ತಿದ್ದರು. ಆದರೆ ಡೈರಿಯಿಂದ ದಿನಕ್ಕೆ ಎಷ್ಟು ಲಾರಿ ಹಾಲು ಊರಿನ ಹೊರಗೆ ಹೋಗುತ್ತದೆ ಎಂಬುದು ಅವಳ ಬೆರಳ ತುದಿಯಲ್ಲೇ ಇತ್ತು, ದಿನವೂ ಅದನ್ನೇ ಒತ್ತುತ್ತಿದ್ದಳು. ಒಂದು ಸಂಜೆ ಆ ಸಂಖ್ಯೆಗಳನ್ನೆಲ್ಲ ಹಾಕಿ, ಹೆಸರಿಲ್ಲದ ಒಂದು ಪತ್ರ ಬರೆದು, ಏಳು ಪ್ರತಿ ತೆಗೆದು ಊರಿನಲ್ಲಿ ಹಂಚಿದಳು. ತನ್ನ ಯಂತ್ರದ ಹಾಳೆ ತನ್ನ ಹೆಸರಿನಲ್ಲೇ ಇತ್ತಲ್ಲ, ಅದಕ್ಕೆ ಹಾಲು ಕಳಿಸುವ ಕೋಣೆಯ ಯಂತ್ರ ಬಳಸಿದಳು. ಅದನ್ನು ನಾಲ್ಕೈದು ಜನ ಬಳಸುತ್ತಿದ್ದರು, ಯಾರೊಬ್ಬರ ಮೇಲೂ ಬೀಳಲಿಕ್ಕಿಲ್ಲ ಎಂದುಕೊಂಡಳು. ಆದರೆ ಠಾಣೆಯಲ್ಲಿ ಅದರ ಹಾಳೆ ಸಾಬಿನಣ್ಣನ ಹೆಸರಿನಲ್ಲಿ ಇತ್ತು. ಹಾಲಿನ ಮಾತು ಹೊರಗೆ ಬರಬಾರದೆಂದು ಅವನ ಮೇಲೆ ಕಾಗದದ ಕಳ್ಳತನ ಹೊರಿಸಿದರು.

"ನಾಳೆ ಹೇಳ್ತೀನಿ, ನಾಡಿದ್ದು ಹೇಳ್ತೀನಿ ಅಂದ್ಕೊಂಡೆ. ನನ್ನ ಅಮ್ಮ ಹಾಸಿಗೆ ಹಿಡಿದಿದ್ಲು. ಆಮೇಲೆ ಅವಳೂ ಹೋದ್ಲು, ಆ ಸರ್ಕಾರವೂ ಹೋಯ್ತು. ಆಗ ಹೇಳೋಕೆ ಭಯ ಇರಲಿಲ್ಲ, ನಾಚಿಕೆ ಇತ್ತು. ಅಂಗಡೀಲಿ ಎದುರಿಗೆ ಸಿಕ್ಕಿದ್ರೆ ಅವನು ಟೋಪಿ ತೆಗೀತಿದ್ದ ರಫಿಲಾ. ನಂಗೆ! ಪಾಪ, ಅವನಿಗೇನು ಗೊತ್ತು."

ಲಿಜಿಯಾ ಹೇಳಿದ್ದನ್ನು ಅವಳಿಗೆ ಹೇಳಬಹುದೇ ಎಂದು ಕ್ಷಣ ಯೋಚಿಸಿದೆ. ಮನಸ್ಸಿನಲ್ಲೇ ದೇವಮಾತೆಯನ್ನು ನೆನೆದೆ. ಹೇಳಿದೆ.

"ಅವನಿಗೆ ಗೊತ್ತು ಅಕ್ಕಾ."

"ಏನು ಗೊತ್ತು?"

"ಬರ್ದೋರು ಯಾರು ಅಂತ. ಮೊದಲಿಂದ್ಲೂ ಗೊತ್ತಂತೆ. ಮಗಳಿಗೂ ಹೇಳಿಲ್ಲ."

ಅವಳು ಜಾರಿದ್ದ ಬಟ್ಟೆಯನ್ನು ತಲೆಗೆ ಬಿಗಿಯಾಗಿ ಕಟ್ಟಿಕೊಂಡಳು. ಆಮೇಲೆ ಎದ್ದು, "ನಿನ್ನ ಹತ್ರ ಇರೋ ಪುಟ ಅಳಿಸು," ಎಂದು ಹೊರಟುಹೋದಳು. ದರ್ಜಿಯ ಮನೆಗೂ ಹೋಗಿ ಅಲ್ಲಿಯದನ್ನೂ ಅಳಿಸಿದಳೆಂದು ಸಂಜೆ ತಿಳಿಯಿತು. ಎಲ್ಲ ಮುಗಿಯಿತು, ಅವಳು ಹಿಂದೆ ಸರಿದಳು ಎಂದೇ ನಾನು ಎಣಿಸಿದೆ.

ಗುರುವಾರ ಹತ್ತೂವರೆಗೆ ನಾನು ಈರುಳ್ಳಿ ಸಿಪ್ಪೆಯ ನೀರಿನಲ್ಲಿ ಹಬ್ಬದ ಮೊಟ್ಟೆಗಳಿಗೆ ಬಣ್ಣ ಕಟ್ಟುತ್ತಿದ್ದೆ. ಯಾರೋ ಬಾಗಿಲು ತಟ್ಟಿದರು. ಅವಳು ಕರಿಯ ಕೋಟು ಹಾಕಿಕೊಂಡು ನಿಂತಿದ್ದಳು.

"ಒಲೆ ಆರ್ಸು. ನನ್ನ ಜೊತೆ ಬಾ. ದಾರೀಲಿ ಏನೂ ಕೇಳ್ಬೇಡ."

ಕೇಳಲಿಲ್ಲ. ನೋಟರಿಯ ಕಚೇರಿ ತಲುಪಿದಾಗ ಹನ್ನೊಂದು. ಹೊರಗಿನ ಕುರ್ಚಿಗಳಲ್ಲಿ ಲಿಜಿಯಾ ಮತ್ತು ಸಾಬಿನಣ್ಣ ಕುಳಿತಿದ್ದರು. ಅಕ್ಕನೇ ಬೆಳಿಗ್ಗೆ ಫೋನು ಮಾಡಿ ಕರೆಸಿದ್ದಳಂತೆ. ಅವಳು ಅವರ ಕಡೆ ನೋಡದೆ ನೇರ ಒಳಗೆ ನಡೆದಳು. ನಾನು ಹಿಂದೆ ಹೋದೆ.

"ಹೇಳಿಕೆ ತಂದ್ರಾ ಅಮ್ಮಾ?" ಎಂದು ಸಹಾಯಕಿ ಕೊದ್ರುತ್ಸಾ ಕೇಳಿದಳು.

"ಇಲ್ಲ. ಇಲ್ಲೇ ಬರೀತೀನಿ."

"ಇಲ್ಲೇ? ಹನ್ನೆರಡಕ್ಕೆ ಬೀಗ ಅಮ್ಮಾ! ಬೇಗ ಹೇಳಿ, ನಾನು ಒತ್ಕೊಳ್ತೀನಿ."

"ನಿನ್ನ ಎರಡು ಬೆರಳಲ್ಲಿ ಹಬ್ಬ ಮುಗಿದುಹೋಗುತ್ತೆ ಮಗಳೇ. ಏಳು."

ಒಳಗಿನ ಕೋಣೆಯಿಂದ ನೋಟರಿ ಇಣುಕಿ ನೋಡಿ, ಗಡಿಯಾರ ತೋರಿಸಿ, ಹೂಂ ಎಂದು ತಲೆಯಾಡಿಸಿದಳು. ಕೊದ್ರುತ್ಸಾ ಎದ್ದಳು.

ಆ ಯಂತ್ರ ಅಕ್ಕನಿಗೆ ಹೊಸದು. ಪರದೆಯ ಕೆಳಗೆ ಚಿತ್ರವಿರಲಿಲ್ಲ. ಮೂಲೆ ಒತ್ತಿದರೆ ಮೊಹರಿನ ಲೆಕ್ಕ ಇಡುವ ಬೇರೆ ಏನೋ ತೆರೆಯಿತು. ಮುಚ್ಚಿದಳು. ಮತ್ತೊಂದು ಒತ್ತಿದಳು, ಗುಪ್ತಪದ ಕೇಳಿತು. ನಾಲ್ಕು ನಿಮಿಷ ಹೀಗೇ ಹೋಯಿತು. ಕೊದ್ರುತ್ಸಾ ಕೈ ಚಾಚಿದಳು.

"ಮುಟ್ಬೇಡ. ನಾನೇ ತೆಗೀತೀನಿ."

ಪರದೆಯ ಮೇಲೆ ಯಾರದೋ ಮನೆ ಮಾರಾಟದ ಪತ್ರವಿತ್ತು. ಅದನ್ನು ಎರಡು ಸಲ ಒತ್ತಿದಳು. ಪತ್ರ ತೆರೆಯಿತು, ಪತ್ರದೊಂದಿಗೆ ಪ್ರೋಗ್ರಾಮೂ ತೆರೆಯಿತು. ಪತ್ರವನ್ನು ಮುಚ್ಚಿ ಹೊಸ ಬಿಳಿ ಹಾಳೆ ತೆಗೆದಳು. ಆಮೇಲೆ ಕೈಗಳನ್ನು ಅಕ್ಷರಗಳ ಮೇಲಿಟ್ಟು ಹಾಗೆಯೇ ಕುಳಿತುಬಿಟ್ಟಳು. ಹನ್ನೊಂದೂಕಾಲು. ನಾನು ಜೇಬಿನಲ್ಲಿ ಜಪದ ದಾರವನ್ನು ಹಿಡಿದೆ.

ಬರೆಯತೊಡಗಿದಳು. ಹಾಗೆ ವೇಗವಾಗಿ ಬರೆದವರನ್ನು ನಾನು ನೋಡಿರಲಿಲ್ಲ. "ಆ ಪತ್ರವನ್ನು ಬರೆದವಳು ನಾನು, ವೆತುರಿಯಾ ಮೋಗಾ" ಎಂಬ ಸಾಲು ಬಂತು, ಹೋಯಿತು, ಅವಳು ನಿಲ್ಲಲಿಲ್ಲ. ನಿಂತದ್ದು ಪುಟದ ಕೊನೆಯಲ್ಲಿ. ಇನ್ನೊಂದು ಅಕ್ಷರ ಒತ್ತಿದರೆ ಎರಡನೆಯ ಪುಟ ಶುರುವಾಗುತ್ತದೆ. ಅವಳು ಬಾಗಿಲ ಕಡೆ ನೋಡಿದಳು, ಯಾರೋ ಬರುವವರಿದ್ದಾರೆ ಎನ್ನುವಂತೆ. ಯಾರೂ ಬರಲಿಲ್ಲ. ಹನ್ನೊಂದೂವರೆಯಾಗಿ ಐದು ನಿಮಿಷ.

"ಅಮ್ಮಾ, ಮುಗೀತಾ?" ಎಂದಳು ಕೊದ್ರುತ್ಸಾ.

"ಇಲ್ಲ," ಎಂದಳು ಅಕ್ಕ. ಎರಡನೆಯ ಪುಟಕ್ಕೆ ದಾಟಿದಳು.

ಅಚ್ಚಾಗಿ ಬಂದ ಎರಡು ಹಾಳೆಗಳಿಗೆ ಸಹಿ ಹಾಕಲು ಕೊದ್ರುತ್ಸಾ ಪೆನ್ನು ಚಾಚಿದಾಗ ಅಕ್ಕ ತೆಗೆದುಕೊಳ್ಳಲಿಲ್ಲ. "ಮೊದ್ಲು ಅವನು ಓದ್ಲಿ," ಎಂದು ಹೊರಗೆ ಹೋಗಿ ಸಾಬಿನಣ್ಣನ ಕೈಗೆ ಕೊಟ್ಟಳು. ಕೊಟ್ಟು ಎದುರಿಗೇ ನಿಂತಳು, ಪರೀಕ್ಷೆಯ ಉತ್ತರ ಕೊಟ್ಟ ಹುಡುಗಿಯಂತೆ.

ಅವನು ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು, ಬೆರಳಿಟ್ಟು ನಿಧಾನವಾಗಿ ಓದಿದ. ಲಿಜಿಯಾ ಅಪ್ಪನ ಹೆಗಲ ಮೇಲಿನಿಂದ ಓದಿ ಬಾಯಿಗೆ ಕೈ ಅಡ್ಡ ಹಿಡಿದಳು. "ನೀವಾ?" ಎಂದಳು. ಅವನ ಬೆರಳು ಎರಡನೆಯ ಹಾಳೆಯ ನಡುವೆ ನಿಂತಿತು.

"ಇಲ್ಲಿ ತಪ್ಪಿದೆ."

"ಎಲ್ಲಿ?"

"ಎಂಟು ತಿಂಗಳು ಜೈಲು ಅಂತ ಬರ್ದಿದ್ದೀಯ. ಹನ್ನೊಂದು."

"ಎಂಟು ಅಂತ್ಲೇ ಎಲ್ರೂ..."

"ಎಲ್ರೂ ಹೊರಗಿದ್ರು ವೆತುರಿಯಾ. ಒಳಗಿದ್ದೋನು ನಾನು."

"ಅಪ್ಪಾ, ಹತ್ತೇ ನಿಮಿಷ ಇದೆ!" ಎಂದಳು ಲಿಜಿಯಾ. "ಎಂಟೋ ಹನ್ನೊಂದೋ, ಹೋಗ್ಲಿ ಬಿಡಿ!"

"ಬಿಡಲ್ಲ. ಒಂದು ಸುಳ್ಳು ಕಾಗದ ಸಾಕು ನಂಗೆ."

ಅಕ್ಕ ಹಾಳೆ ತೆಗೆದುಕೊಂಡಳು. ತಿರುಗಿದವಳು ಮತ್ತೆ ನಿಂತಳು. "ನಿಂಗೆ ಹೇಗೆ ಗೊತ್ತಾಯ್ತು?"

"ಅವತ್ತು ಟೋಪಿ ಮರೆತಿದ್ದೆ, ವಾಪಸ್ ಬಂದೆ. ಒಳಗೆ ನೀನು ಒತ್ತಿದ್ದು ಕೇಳಿಸ್ತು. ಡೈರೀಲಿ ಹಾಗೆ ಓಡೋ ಕೈ ಇನ್ಯಾರದಿತ್ತು?"

"ಹೇಳ್ಬಹುದಿತ್ತಲ್ಲ."

"ಹೇಳಿದ್ರೆ ನನ್ನನ್ನ ಬಿಡ್ತಿದ್ರಾ? ನಿನ್ನನ್ನೂ ಹಿಡೀತಿದ್ರು, ಅಷ್ಟೇ. ಆಮೇಲೆ ನೀನೇ ಬಂದು ಹೇಳ್ತೀಯ ಅಂದ್ಕೊಂಡೆ." ಕನ್ನಡಕ ತೆಗೆದ. "ಸ್ವಲ್ಪ ತಡವಾಯ್ತು. ಹೋಗು, ತಿದ್ದು. ಆ ಹೆಂಗಸು ಬೀಗ ಹಿಡ್ಕೊಂಡು ನಿಂತಿದ್ದಾಳೆ."

ನಿಜವಾಗಿಯೂ ನೋಟರಿ ಬೀಗದ ಕೈ ಹಿಡಿದು ನಿಂತಿದ್ದಳು. ಕೊದ್ರುತ್ಸಾ ಕಂಪ್ಯೂಟರನ್ನು ಆಗಲೇ ಆರಿಸಿದ್ದಳು.

"ಮತ್ತೆ ಶುರು ಮಾಡು ಮಗಳೇ," ಎಂದಳು ಅಕ್ಕ. "ನಾನು ಬರೆದದ್ದು ಅದರಲ್ಲಿ ಉಳಿದಿದೆ ತಾನೇ?"

"ಉಳಿಸಿದ್ದೀನಿ ಅಮ್ಮಾ. ಬೇಡಾಗಿತ್ತಾ? ಅಳಿಸ್ಬೇಕಿತ್ತಾ?"

"ಇರ್ಲಿ. ಇರ್ಲಿ ಅಂತ್ಲೇ ಕೇಳಿದ್ದು. ತೆಗಿ."

ಯಂತ್ರ ಮತ್ತೆ ಶುರುವಾಗುವವರೆಗೆ ನಾವೆಲ್ಲ ಪರದೆಯನ್ನೇ ನೋಡುತ್ತ ನಿಂತೆವು, ನೋಟರಿಯೂ ಸೇರಿ. ಅಕ್ಕ ಕುಳಿತು, ಎಂಟನ್ನು ಅಳಿಸಿ, ಹನ್ನೊಂದು ಎಂದು ಅಕ್ಷರದಲ್ಲಿ ಬರೆದಳು. ಸಹಿ ಬಿದ್ದಾಗ ಹನ್ನೆರಡಕ್ಕೆ ಎರಡು ನಿಮಿಷವಿತ್ತು. ಮೊಹರಿನ ಶಾಯಿ ಆರುವ ಮೊದಲೇ ಲಿಜಿಯಾ ಕಾಗದ ಹಿಡಿದು, ಹಬ್ಬಕ್ಕೆ ಮುಚ್ಚುವ ಮೊದಲು ನ್ಯಾಯಾಲಯಕ್ಕೆ ತಲುಪಿಸಲು ಕಾರಿನ ಕಡೆಗೆ ಓಡಿದಳು.