ಅಪ್ಪನ ಒಂದೂವರೆ ಉಸಿರು

ಶಾಲೆಯಲ್ಲಿ ಅವರು ಡ್ರಿಲ್ ಮಾಸ್ತರು, ಮೈದಾನದಲ್ಲಿ ಢಮಾರ್ ಮಾಸ್ತರು. ಊರಿನಲ್ಲಿ ಯಾವ ಓಟದ ಸ್ಪರ್ಧೆ ನಡೆದರೂ ಕೆಂಪು ಕೋಟು ತೊಟ್ಟು, ಮೆಟ್ಟಿಲುಪೀಠದ ಮೇಲೆ ನಿಂತು, ಪಿಸ್ತೂಲು ಹಾರಿಸಿ ಓಟ ಶುರು ಮಾಡಿಸುವವರು ಅವರೇ. ತಲೆ ನರೆಯುವಷ್ಟು ಕಾಲ ಇದೇ ಕೆಲಸ ಮಾಡಿದರೂ ಒಂದು ಓಟದ ಕೊನೆಯನ್ನೂ ಅವರು ನೆಟ್ಟಗೆ ನೋಡಿದವರಲ್ಲ. ಗೆದ್ದವರು ಯಾರೆಂದು ತಿಳಿಯುವಷ್ಟರಲ್ಲಿ ಮುಂದಿನ ಸಾಲು ಬಂದು ನಿಂತಿರುತ್ತಿತ್ತು. "ಓಡ್ಸೋದಷ್ಟೇ ನನ್ನ ಕೆಲಸ, ಗೆಲ್ಸೋದು ಅವರವರ ಕಾಲು" ಎಂದು ನಗುತ್ತಿದ್ದರು.

ಮನೆಯಲ್ಲಿ ಮಾತ್ರ ಈ ವೈರಾಗ್ಯ ನಡೆಯುತ್ತಿರಲಿಲ್ಲ. ಇದ್ದವಳು ಒಬ್ಬಳೇ ಮಗಳು. ಅವಳಿಗೆ ಹಾಲುಹಲ್ಲು ಬೀಳುವ ವಯಸ್ಸಿನಿಂದಲೂ, ಚಪ್ಪಲಿ ಗೂಡಿನಿಂದ ಅಡುಗೆಮನೆ ಬಾಗಿಲವರೆಗೆ ಓಡಿಸಿ ಆಡಿಸಿದ್ದರು. ಎರಡು ಮರದ ಹಲಗೆ ಹಿಡಿದು "ಸೆಟ್" ಎನ್ನುವರು, ಒಂದು ಉಸಿರು ಎಳೆದುಕೊಳ್ಳುವರು, ಅರ್ಧ ಬಿಡುವರು, ಪಟ್ಟನೆ ಹಲಗೆ ತಟ್ಟುವರು. ಮಗಳು ಬಿಟ್ಟ ಬಾಣದಂತೆ ಹೋಗಿ ಅಮ್ಮನ ಬೆನ್ನಿಗೆ ಡಿಕ್ಕಿ ಹೊಡೆಯುವಳು. "ಅಪ್ಪ ಮಗಳು ಸೇರಿ ನನ್ನ ಸೊಂಟ ಮುರೀರಿ" ಎಂದು ಅಲ್ಲಿಂದ ಮಂಗಳಾರತಿ ಶುರುವಾಗುತ್ತಿತ್ತು.

ಆ ಒಂದೂವರೆ ಉಸಿರೇ ಈಗ ಕುತ್ತಿಗೆಗೆ ಬಂದಿತ್ತು.

ಮಗಳು ನೂರು ಮೀಟರ್ ಆಯ್ಕೆ ಓಟದ ಕೊನೆಯ ಸುತ್ತು ತಲುಪಿದ್ದಳು. ಮೊದಲ ಇಬ್ಬರಿಗೆ ದೇಶದ ತಂಡದ ಶಿಬಿರದಲ್ಲಿ ಜಾಗ. ಪಿಸ್ತೂಲು ಹಿಡಿಯಬೇಕಿದ್ದ ಪರವೂರಿನವನು ಜ್ವರ ಬಂದು ಮಲಗಿದ, ಕೆಲಸ ಮಾಸ್ತರ ಹೆಗಲಿಗೆ ಬಿತ್ತು. ಮಾಸ್ತರು ಮುಖ್ಯ ರೆಫರಿಯ ಬಳಿ ಹೋಗಿ ಗೋಗರೆದರು.

"ಸರ್, ನನ್ನ ಮಗಳೇ ಓಡ್ತಿದಾಳೆ. ಬೇರೆ ಯಾರಿಗಾದ್ರೂ ಹೇಳಿ."

"ಅಯ್ಯೋ ಮಾಸ್ತರೇ, ಪಿಸ್ತೂಲಿಗೆ ಮಗಳು ಯಾರು, ಸೊಸೆ ಯಾರು ಗೊತ್ತಾಗುತ್ತಾ? ನಿಮ್ಮಂಥ ನಿಯತ್ತಿನವರನ್ನ ಬಿಟ್ಟು ನಾನು ಎಲ್ಲಿ ಹುಡುಕ್ಲಿ?"

ನಿಜವಾದ ಸಂಗತಿ ಹೇಳಲು ಮಾಸ್ತರಿಗೆ ಬಾಯಿ ಬರಲಿಲ್ಲ. ಬೇರೆಯವರು ಪಿಸ್ತೂಲು ಹಾರಿಸಿದಾಗ ಮಗಳದು ಸಾಧಾರಣ ಆರಂಭ. ತಾವು ಹಾರಿಸಿದಾಗ ಮಾತ್ರ ಉಳಿದವರು ಏಳುವ ಮುಂಚೆ ಇವಳು ಒಂದು ಹೆಜ್ಜೆ ಮುಂದೆ. ಎಲ್ಲರೂ "ಹುಡುಗಿಯ ಕಿವಿ ಚುರುಕು" ಎಂದು ಹೊಗಳುತ್ತಿದ್ದರು. ಕಿವಿಯೂ ಅಲ್ಲ, ಮಣ್ಣೂ ಅಲ್ಲ. ಅವಳು ಕಾಯುತ್ತಿದ್ದುದು ಶಬ್ದಕ್ಕಲ್ಲ, ಚಿಕ್ಕಂದಿನಿಂದ ಮೈಗೂಡಿದ ಅಪ್ಪನ ಉಸಿರಿನ ಲೆಕ್ಕಕ್ಕೆ. ಎಂದಿನಂತೆ ಹಾರಿಸಿದರೆ ಉಳಿದ ಏಳು ಹುಡುಗಿಯರಿಗೆ ಮೋಸ. ಉಸಿರು ಬದಲಿಸಿದರೆ ಇವಳು ಶಬ್ದಕ್ಕೆ ಮುಂಚೆಯೇ ಹೊರಡುತ್ತಾಳೆ, ಒಂದೇ ತಪ್ಪಿಗೆ ಓಟದಿಂದಲೇ ಹೊರಗೆ. ಅತ್ತ ದರಿ, ಇತ್ತ ಪುಲಿ.

ಓಟದ ಬೆಳಿಗ್ಗೆ ಮಾಸ್ತರು ತಿಂಡಿಯ ತಟ್ಟೆಯನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದರು.

"ಓಡೋಳು ಅವಳು, ಹಸಿವು ಸತ್ತಿರೋದು ನಿಮಗಾ?" ಎಂದಳು ಹೆಂಡತಿ.

ಮಾಸ್ತರು ಲೇಸು ಕಟ್ಟುತ್ತಿದ್ದ ಮಗಳ ಕಡೆ ತಿರುಗಿದರು. "ಪುಟ್ಟೀ, ಶಬ್ದ ಕೇಳಿದ ಮೇಲೇ ಹೊರಡು, ಆಯ್ತಾ?"

"ಮತ್ತೆ? ಮುಂಚೇನೇ ಹೊರಡ್ತೀನಾ?" ಮಗಳು ತಲೆ ಎತ್ತದೆ ನಕ್ಕಳು. ಇವಳಿಗೆ ಗೊತ್ತಿದೆಯೋ ಇಲ್ಲವೋ, ಮಾಸ್ತರಿಗೆ ತಿಳಿಯಲಿಲ್ಲ.

ಮೈದಾನದಲ್ಲಿ ಪೀಠ ಹತ್ತುವಾಗ ಅವರು ಮನಸ್ಸು ಗಟ್ಟಿ ಮಾಡಿದರು. ಎಂದಿನಂತೆಯೇ ಹಾರಿಸುತ್ತೇನೆ. ಎಲ್ಲ ಓಟಕ್ಕೂ ಅದೇ ಉಸಿರು ತಾನೇ, ನಾನು ಹೊಸದಾಗಿ ಮಾಡಿದ್ದೇನು? ಕಳ್ಳನಿಗೊಂದು ಪಿಳ್ಳೆ ನೆವ. ಅದು ನೆವವೆಂದು ಅವರಿಗೂ ಗೊತ್ತಿತ್ತು.

"ಸೆಟ್."

ಎಂಟು ಬೆನ್ನುಗಳು ಮೇಲೆದ್ದವು. ಮಾಸ್ತರು ಉಸಿರು ಎಳೆದುಕೊಂಡರು. ಮಗಳ ಕತ್ತಿನ ಹಿಂದೆ ಬೆವರು ಹೊಳೆಯುತ್ತಿತ್ತು. ಅಷ್ಟೇ ನೋಡಿದ್ದು, ಎಳೆದ ಉಸಿರು ಎದೆಯಲ್ಲೇ ಸಿಕ್ಕಿಕೊಂಡಿತು. ಬೆರಳು ಮರಗಟ್ಟಿತು. ಬಿಡು, ಬಿಡು ಎಂದು ಮನಸ್ಸು ಕೂಗುತ್ತಿತ್ತು, ಉಸಿರು ಹೊರಬರಲೊಲ್ಲದು.

ಅರ್ಧ ಉಸಿರು ಮುಗಿಯಬೇಕಾದ ಆ ಗಳಿಗೆಗೆ ಸರಿಯಾಗಿ ಮಗಳು ಹೊರಟಳು. ಒಬ್ಬಳೇ. ಢಮಾರ್ ಎನ್ನದ ಮೈದಾನದಲ್ಲಿ ಅವಳ ಹೆಜ್ಜೆಯ ಸದ್ದು ಮಾತ್ರ ಕೇಳಿಸಿತು. ನಾಲ್ಕಾರು ಹೆಜ್ಜೆ ಹೋಗಿ ನಿಂತಳು, ತಿರುಗಿ ಅಪ್ಪನನ್ನು ನೋಡಿದಳು.

ಕೆಂಪು ಕಾರ್ಡು ಎತ್ತಬೇಕಾದವರೂ ಮಾಸ್ತರೇ. ಎತ್ತಿದರು. ಮಗಳು ತನ್ನ ಮೇಲಂಗಿ ಎತ್ತಿಕೊಂಡು ಹೊರನಡೆದಳು. ಉಳಿದ ಏಳು ಮಂದಿಗೆ ಪಿಸ್ತೂಲು ಹಾರಿಸಿದಾಗ ಉಸಿರು ತಕರಾರಿಲ್ಲದೆ ಬಂತು, ಹೋಯಿತು. ಮಾಸ್ತರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ರೆಫರಿ ಓಡಿ ಬಂದು ಬೆನ್ನು ತಟ್ಟಿದರು. "ಹೆತ್ತ ಮಗಳು ಅಂತಾನೂ ನೋಡ್ಲಿಲ್ವಲ್ಲ! ಸತ್ಯಹರಿಶ್ಚಂದ್ರ ಕಣ್ರೀ ನೀವು!" ಸುತ್ತಲಿದ್ದವರು ಚಪ್ಪಾಳೆ ಹೊಡೆದರು. ಒಂದೊಂದು ಚಪ್ಪಾಳೆಯೂ ಕೆನ್ನೆಗೆ ಬಿದ್ದಂತಿತ್ತು.

ಮಗಳು ಗ್ಯಾಲರಿಯ ಮೆಟ್ಟಿಲ ಕೆಳಗೆ ಕೂತು ಶೂ ಬಿಚ್ಚುತ್ತಿದ್ದಳು. ಕಣ್ಣು ಕೆಂಪಾಗಿತ್ತು.

"ಬೇಕಂತಲೇ ತಡ ಮಾಡಿದೆಯಾ ಅಪ್ಪಾ?"

ಹೌದು ಎಂದರೆ ಸಾಕು, ದೊಡ್ಡ ಮನುಷ್ಯರಾಗಿ ಮನೆಗೆ ಹೋಗಬಹುದಿತ್ತು. ಮಾಸ್ತರು ಅವಳ ಪಕ್ಕ ಕುಸಿದು ಕೂತರು.

"ಇಲ್ಲ ಪುಟ್ಟೀ. ನಿನಗೆ ಗೊತ್ತಿರೋ ಹಾಗೇ ಹಾರಿಸಿ ನಿನ್ನ ಗೆಲ್ಲಿಸ್ಬೇಕು ಅಂತಿದ್ದೆ. ಹೆದರಿಕೆಗೆ ಉಸಿರೇ ಹೊರಗೆ ಬರಲಿಲ್ಲ."

ಅವಳು ಎರಡನೇ ಶೂ ಬಿಚ್ಚಿದಳು. "ಹಾಗಾದ್ರೆ ನಿಂಗೂ ಗೊತ್ತಿತ್ತು."

ಅವರು ತಲೆಯಾಡಿಸಿದರು. ಅವಳು ಮೂಗು ಒರೆಸಿಕೊಂಡು ಶೂಗಳನ್ನು ಅವರ ಮಡಿಲಿಗೆ ಹಾಕಿದಳು.

"ನಾಳೆಯಿಂದ ಹಲಗೆ ಅಮ್ಮನ ಕೈಗೆ ಕೊಡು. ಅವಳು ಯಾವಾಗ ತಟ್ತಾಳೋ ಆ ದೇವರಿಗೂ ಗೊತ್ತಾಗಲ್ಲ."