ಮಿರ್ಟೆಯ ಮೈಮೇಲಿನ ಹುಲ್ಲುಕಡ್ಡಿ

ಲೇಯೆ ನದಿಯಿಂದ ಎದ್ದ ಮಂಜು ಲಾಯದ ಬಾಗಿಲಲ್ಲೇ ತೂಕಡಿಸುತ್ತಿದೆ. ಗೊಡೆಲೀವ ಡೆ ಕೋಸ್ತರ್ ರಬ್ಬರ್ ಬೂಟನ್ನು ಸದ್ದಾಗದಂತೆ ಊರುತ್ತಾ ಒಳಗೆ ಬರುತ್ತಾರೆ. ದೀಪ ಹಾಕುವುದಿಲ್ಲ. ಕತ್ತಲಲ್ಲಿ ಕುದುರೆಗಳ ಬೆಚ್ಚನೆಯ ಉಸಿರು ತೇಲುತ್ತಿದೆ. ಒಂದು ಮುದಿ ಕುದುರೆ ನಿದ್ದೆಯಲ್ಲೇ ಏನನ್ನೋ ಮೆಲ್ಲುತ್ತಿದೆ. ಗೊಡೆಲೀವ ಒಂದೊಂದರ ಪಕ್ಕದಲ್ಲೂ ಕೂತು, ಗೊರಸಿನ ಮೇಲಿನ ಕೀಲಿಗೆ ಕೈಯ ಹಿಂಬದಿಯನ್ನು ತಾಗಿಸುತ್ತಾರೆ. ಜ್ವರದ ಮಗುವಿನ ಹಣೆ ಮುಟ್ಟುವ ತಾಯಿಯ ಹಾಗೆ.

ಈ ಕುದುರೆ ಆಸ್ಪತ್ರೆಯಲ್ಲಿ ಒಂದು ಪರೀಕ್ಷೆ ನಡೆದಿದೆ. ಆರೋಗ್ಯವಂತ ಕುದುರೆಯೊಂದರ ರಕ್ತದಿಂದ ತೆಗೆದು ಬೆಳೆಸಿದ ಕಾಂಡಕೋಶಗಳನ್ನು, ಸವೆದ ಕೀಲಿರುವ ಬೇರೆ ಕುದುರೆಗಳಿಗೆ ಚುಚ್ಚುತ್ತಾರೆ. ಹೋಲಿಸಿ ನೋಡಲೆಂದು ಕೆಲವಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಏನು ಹೋಗಿದೆ ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಕೀಲು ಕಾದಿದೆಯೇ, ಊದಿದೆಯೇ, ಇಟ್ಟಿಗೆ ಹಾದಿಯಲ್ಲಿ ಓಡಿಸಿದಾಗ ಕುಂಟುತ್ತದೆಯೇ ಎಂದು ದಿನಾ ನೋಡುವ ಕೆಲಸ ಗೊಡೆಲೀವ ಅವರದು.

"ಗುಣ ಆಗುತ್ತಾ ಅನ್ನೋದು ಡಾಕ್ಟರ್ ತಲೆನೋವು. ಕೇಡಾಯ್ತಾ ಅನ್ನೋದು ನಂದು," ಎನ್ನುತ್ತಾರೆ.

ಅಪ್ಪ ಬಿಯರ್ ಪೀಪಾಯಿ ಎಳೆಯುವ ಕುದುರೆಗಳನ್ನು ಸಾಕಿದ್ದವರು. ಮಗಳು ನಡೆಯಲು ಕಲಿತದ್ದೇ ಅವುಗಳ ಹೊಟ್ಟೆಯ ಕೆಳಗೆ. ಒದೆ ತಿಂದು ಎರಡು ಬೆರಳು ಸೊಟ್ಟಗಾಗಿವೆ. ಚಳಿಗಾಲದಲ್ಲಿ ಬಕೆಟ್ಟಿನ ಮಂಜುಗಡ್ಡೆ ಒಡೆದು ಒಡೆದು ಈಗ ಅವರ ಮಂಡಿಗಳೂ ಕಿರುಗುಟ್ಟುತ್ತವೆ. "ನಂಗ್ಯಾರೂ ಇಂಜೆಕ್ಷನ್ ಕೊಡಲ್ಲ. ಬಾಲ ಇಲ್ವಲ್ಲ!" ಎಂದು ನಗುತ್ತಾರೆ.

ಈ ಶರತ್ಕಾಲದಲ್ಲಿ ಅವರ ಜೀವವೆಲ್ಲ ಮಿರ್ಟೆಯ ಮೇಲೆ. ಪಕ್ಕದೂರಿನ ಮುದುಕ ಓಡೀಲನ ಕಂದು ಹೆಣ್ಣುಕುದುರೆ ಅದು. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಕನಸು ಬೀಳುವಷ್ಟು ಗಾಢ ನಿದ್ದೆಗೆ ಮಲಗಲೇಬೇಕು. ಕೀಲು ನೋಯುವ ಕುದುರೆಗೆ ಏಳುವುದೇ ಭಯ, ಅದಕ್ಕೇ ಮಲಗುವುದಿಲ್ಲ. ಮಿರ್ಟೆ ವಸಂತದಿಂದ ಮಲಗಿಲ್ಲ. ನಿಂತಲ್ಲೇ ಜೋಂಪು ಹತ್ತಿ ಮುಗ್ಗರಿಸಿ, ಮುಂಗಾಲುಗಳೆಲ್ಲ ತರಚಿವೆ. "ಹೀಗೇ ಇದ್ರೆ ನವೆಂಬರಿನ ಸಂತರ ಹಬ್ಬಕ್ಕೆ ಮುಂಚೆ ಅವಳನ್ನ ಕಳಿಸಿಕೊಟ್ಬಿಡ್ತೀನಿ. ಕಣ್ಣಲ್ಲಿ ನೋಡಕ್ಕಾಗಲ್ಲ," ಎಂದು ಓಡೀಲ್ ಹೇಳಿಬಿಟ್ಟಿದ್ದ. ಕಳಿಸುವುದೆಂದರೆ ಸಾವಿಗೆ ಎಂದು ಎಲ್ಲರಿಗೂ ಗೊತ್ತಿತ್ತು.

ಇಂಜೆಕ್ಷನ್ ಆದ ಮರುದಿನ ಮಿರ್ಟೆಯ ಕೀಲು ಕಾದಿತ್ತು, ಊದಿತ್ತು. ಗೊಡೆಲೀವ ಮತ್ತೆ ಮತ್ತೆ ಮುಟ್ಟಿ ನೋಡಿದರು. ಡಾಕ್ಟರಿಗೆ ಸುದ್ದಿ ಹೇಳಿದರೆ ಮಿರ್ಟೆಯನ್ನು ಪರೀಕ್ಷೆಯಿಂದ ಕೈಬಿಡಬಹುದು. ಹೇಳದೆ ಅದು ಸೋಂಕಾಗಿದ್ದರೆ ಕಾಲೇ ಹೋದೀತು. ಹೇಳಿದರು. ಡಾಕ್ಟರ್ ಯೋರಿಸ್ ಕೀಲಿನ ನೀರು ತೆಗೆದು ನೋಡಿದರು. ಸೋಂಕಿರಲಿಲ್ಲ. ಕೆಲವೇ ದಿನಗಳಲ್ಲಿ ಊತ ತಾನಾಗಿ ಇಳಿಯಿತು, ಮಿರ್ಟೆ ಪರೀಕ್ಷೆಯಲ್ಲೇ ಉಳಿಯಿತು.

ಎಡವಟ್ಟಾದದ್ದು ಆಮೇಲೆ, ಕಳೆದ ವಾರ. ಎಂದಿನಂತೆ ಮಿರ್ಟೆಯ ಮೈ ಉಜ್ಜಿ ಮುಗಿಸಿದ ಮೇಲೆ ಗೊಡೆಲೀವ ಬ್ರಷ್ ನೋಡಿಕೊಂಡರು. ಅದರ ತುಂಬ ಹುಲ್ಲುಕಡ್ಡಿ! ಪಕ್ಕೆಗೆ ಹುಲ್ಲು ಅಂಟಬೇಕಾದರೆ ಕುದುರೆ ಮಲಗಿರಲೇಬೇಕು. ತಿಂಗಳುಗಟ್ಟಲೆ ಕಾದಿದ್ದ ಗುರುತನ್ನು ಕೈಯಾರೆ ಅಳಿಸಿಹಾಕಿದ್ದರು.

"ಬ್ರಷ್ಷಲ್ಲಿರೋ ಹುಲ್ಲು ಯಾವ ಕುದುರೆದು ಅಂತ ನಾನು ಹೆಂಗೆ ನಂಬ್ಲಿ?" ಎಂದು ಸುದ್ದಿ ಕೇಳಿದ ಓಡೀಲ್ ರೇಗಿದ್ದ. "ನಿನ್ನ ಚೊಕ್ಕಟಕ್ಕಿಷ್ಟು ಬೆಂಕಿ ಹಾಕ! ಶನಿವಾರ ಬರ್ತೀನಿ. ಅವತ್ತೇ ಕೊನೆ."

ಇವತ್ತು ಶನಿವಾರ, ಓಡೀಲ್ ನಸುಕಿಗೇ ಬಂದಿದ್ದಾನೆ. ಗೊಡೆಲೀವ ಕೊನೆಯ ಅಂಕಣಕ್ಕೆ ಬರುತ್ತಾರೆ, ನಿಲ್ಲುತ್ತಾರೆ. ಹಿಂದೆ ಬಂದ ಓಡೀಲನ ತೋಳು ಹಿಡಿದು ನಿಲ್ಲಿಸುತ್ತಾರೆ. ಒಳಗೆ ಮಿರ್ಟೆ ಒಂದು ಪಕ್ಕಕ್ಕೆ ಒರಗಿ, ಕುತ್ತಿಗೆ ಚಾಚಿ ಮಲಗಿದೆ. ಮಂಜು ಅದರ ಮೂಗಿನವರೆಗೂ ಹರಿದು ಬಂದಿದೆ. ಕಣ್ಣೆವೆಗಳು ಅದುರುತ್ತಿವೆ, ಗೊರಸುಗಳು ಮೆಲ್ಲಗೆ ಗಾಳಿಯನ್ನು ತಟ್ಟುತ್ತಿವೆ.

"ಲೀವ, ಓಡಿಸಿ ನೋಡೋಣ್ವಾ?" ಬಾಗಿಲಲ್ಲಿ ಡಾಕ್ಟರ ದನಿ.

"ಶ್! ಸುಮ್ನಿರಿ ಡಾಕ್ಟರ್. ಆಗ್ಲೇ ಓಡ್ತಿದಾಳೆ."

ಓಡೀಲ್ ಟೋಪಿ ತೆಗೆದು ಅದರಲ್ಲೇ ಕಣ್ಣೊರೆಸಿಕೊಳ್ಳುತ್ತಾನೆ. "ಅವಳಿಗೆ ಹಾಕಿದ್ದು ಬರೀ ಉಪ್ಪುನೀರೇ ಆಗಿದ್ರೆ?"

"ಆಗಿರ್ಲಿ ಬಿಡು. ಕೇಡಂತೂ ಆಗಿಲ್ಲ. ಅಷ್ಟು ನನ್ನ ಕೈ ಹೇಳುತ್ತೆ."

"ಹಂಗಿದ್ರೆ ನನ್ನ ಮಂಡಿಗೂ ಅದನ್ನೇ ಹಾಕ್ಸು ಮಾರಾಯ್ತಿ."

ಕೊಂಚ ಹೊತ್ತಿಗೆ ಮಿರ್ಟೆ ಮುಂಗಾಲು ಚಾಚಿ, ಮುಲುಕಿ, ತಾನೇ ಎದ್ದು ನಿಲ್ಲುತ್ತದೆ. ಕಿವಿಯಿಂದ ಬಾಲದವರೆಗೆ ಹುಲ್ಲು. ಗೊಡೆಲೀವ ಅವರ ಕೈ ಅಭ್ಯಾಸಬಲದಿಂದ ಬ್ರಷ್ಷಿನ ಕಡೆ ಹೋಗಿ, ಅರ್ಧದಲ್ಲೇ ನಿಲ್ಲುತ್ತದೆ. ಬ್ರಷ್ಷನ್ನು ಓಡೀಲನ ಕೋಟಿನ ಜೇಬಿಗೆ ತುರುಕುತ್ತಾರೆ.

"ಸಂಜೆವರೆಗೂ ಇದು ನಿನ್ಹತ್ರಾನೇ ಇರ್ಲಿ, ನಾನು ಕೇಳಿದ್ರೂ ಕೊಡ್ಬೇಡ. ಇವತ್ತೊಂದು ದಿನ ನನ್ನ ಲಾಯದಲ್ಲಿ ಒಂದು ಕುದುರೆ ಕೊಳಕಾಗಿ ನಿಂತಿರ್ಲಿ. ಎಲ್ರೂ ನೋಡ್ಲಿ."