ಎದ್ದವರ ಮಂಚ

ಬೆಂಕಿಪೆಟ್ಟಿಗೆಯ ಅಗಲದ ಹಳದಿ ಚೀಟಿಗಳು, ಬೆನ್ನಿಗೆ ಅಂಟು, ಎದುರಿಗೆ ಖಾಲಿ. ಅವುಗಳ ಕಂತೆಯೊಂದನ್ನು ನನ್ನ ಅಡುಗೆಕಟ್ಟೆಯ ಮೇಲಿಟ್ಟು, ಎರಡನೆಯ ಮಹಡಿಯ ಮೇಘನಾ ಬೆಲೆಶಾಸ್ತ್ರವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು: "ತುಂಬಾ ಸಿಂಪಲ್ ಆಂಟಿ. ಹೊಸದರ ರೇಟಲ್ಲಿ ಅರ್ಧ ಹಾಕಿ, ಸ್ಕ್ರ್ಯಾಚ್ ಇದ್ರೆ ಅದರಲ್ಲೂ ಅರ್ಧ. ಅಷ್ಟೇ." ಬೆಂಗಳೂರಿನಿಂದ ಈ ಮರಾಠಿ ಊರಿಗೆ ಬಂದು ಹಿಂಜವಾಡಿಯ ಆಫೀಸೊಂದರಲ್ಲಿ ಕೆಲಸ ಮಾಡುವ ಹುಡುಗಿ ಅವಳು. ದೀಪಾವಳಿಗೆ ಮುಂಚಿನ ಒಂದು ಭಾನುವಾರ, ಬಿಬವೇವಾಡಿಯ ನಮ್ಮ ಕಟ್ಟಡದ ಪಾರ್ಕಿಂಗ್‌ನಲ್ಲಿ ಎಲ್ಲರ ಮನೆಯ ಹಳೆಯ ಸಾಮಾನುಗಳನ್ನೂ ಮಾರಾಟಕ್ಕಿಡುವುದೆಂದು ಇಡೀ ಸೊಸೈಟಿಯನ್ನು ಒಪ್ಪಿಸಿದವಳೂ ಅವಳೇ.

ನೀವು ಎಂದಾದರೂ ನಿಮ್ಮದೇ ಮನೆಯ ವಸ್ತುವಿಗೆ ಬೆಲೆ ಕಟ್ಟಲು ಕೂತಿದ್ದೀರಾ? ಅಂಗಡಿಯಲ್ಲಿ ಅದನ್ನು ಕೊಳ್ಳುವಾಗ ಹತ್ತು ರೂಪಾಯಿಗೆ ಜಗ್ಗಾಡಿದ ಅದೇ ನಾವು, ಮಾರುವಾಗ ಅದರ ವಕೀಲರಾಗಿಬಿಡುತ್ತೇವೆ. ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿಯದಿದ್ದರೆ ಚಟ್ನಿಯನ್ನು ಗೋಡೆಗೆ ಬಳಿಯುವ ಮಿಕ್ಸರ್, ಒಂದು ಕಾಲಿಗೆ ಮಡಚಿದ ರಟ್ಟು ಕೊಟ್ಟರಷ್ಟೇ ನೆಟ್ಟಗೆ ನಿಲ್ಲುವ ಟೀಪಾಯಿ, ಇವುಗಳ ಊನಗಳೆಲ್ಲ ನನಗೆ ಸ್ವಭಾವಗಳಾಗಿ ಕಾಣುತ್ತಿದ್ದವೇ ಹೊರತು ದೋಷಗಳಾಗಿ ಅಲ್ಲ. ಆದರದ ಹೊಟ್ಟೆಯೊಳಗೇ ದರವೂ ಇದೆಯೆಂಬುದು ಅಕ್ಷರದ ಆಟವಿರಬಹುದು. ಆದರೆ ಒಂದನ್ನು ಕಿತ್ತು ಇನ್ನೊಂದನ್ನು ಹೊರತೆಗೆಯುವ ಕೆಲಸ ಸುಲಭದ್ದಲ್ಲವೆಂದು ಆ ಸಂಜೆ ತಿಳಿಯಿತು.

ಹೇಗೋ ಎಲ್ಲದಕ್ಕೂ ಚೀಟಿ ಅಂಟಿಸಿ ಹಾಲ್‌ಗೆ ಬಂದವಳು ಮಂಚದ ಮುಂದೆ ನಿಂತುಬಿಟ್ಟೆ.

ಅದು ಆಸ್ಪತ್ರೆಯಲ್ಲಿರುವಂಥ ಕಬ್ಬಿಣದ ಮಂಚ. ಕಾಲ ಬದಿಯ ಹಿಡಿಕೆ ತಿರುಗಿಸಿದರೆ ತಲೆಯ ಭಾಗ ಮೇಲೇಳುತ್ತದೆ. ಹಿಂದಿನ ವರ್ಷ ಮೊದಲ ಮಳೆಗೆ ಜಾರುವಂತಾಗಿದ್ದ ರಸ್ತೆಯಲ್ಲಿ, ಭೋಸರಿಯ ಕಾರ್ಖಾನೆಯಿಂದ ಮನೆಗೆ ಬರುತ್ತಿದ್ದ ನನ್ನ ಗಂಡ ಸ್ಕೂಟರಿನಿಂದ ಬಿದ್ದು ಬೆನ್ನೆಲುಬು ಮುರಿದುಕೊಂಡಾಗ ತಂದದ್ದು. ಬಾಡಿಗೆಗೆ ತರೋಣವೆಂದರೆ ಎಷ್ಟು ದಿನದ ಮಟ್ಟಿಗೆಂದು ಅಂಗಡಿಯವನು ಕೇಳಿದ. ಡಾಕ್ಟರನ್ನು ಕೇಳಿದರೆ ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಆ ಒರೆಸುವಿಕೆಯ ಅರ್ಥ ನನಗಾಯಿತು. ಕೊಂಡೇಬಿಟ್ಟೆವು.

ಅವರು ಎದ್ದರು. ಮೊದಲು ಕೂತರು, ಆಮೇಲೆ ಗೋಡೆ ಹಿಡಿದು ನಿಂತರು, ಈಗ ಮೂಲೆಯ ಅಂಗಡಿಗೆ ಹೋಗಿ ಬೇಡದ ಕೊತ್ತಂಬರಿ ತರುವಷ್ಟು ಗುಣವಾಗಿದ್ದಾರೆ. ಆದರೂ ಮಂಚ ಹಾಲ್ ಬಿಟ್ಟು ಕದಲಿರಲಿಲ್ಲ, ನಾನೇ ಕದಲಿಸಿರಲಿಲ್ಲ. ಕೊಡೆಯನ್ನು ಮನೆಯಲ್ಲಿ ಬಿಟ್ಟು ಹೊರಟ ದಿನವೇ ಮಳೆ ಹುಡುಕಿಕೊಂಡು ಬರುತ್ತದಲ್ಲ, ಹಾಗೆ ಈ ಮಂಚವನ್ನು ಕಳಿಸಿದ ದಿನವೇ ಇದರ ಅಗತ್ಯ ಮರಳಿ ಬಂದೀತೆಂಬ ಭಯ. ಒಗೆದ ಬಟ್ಟೆಗಳನ್ನು ಅದರ ಮೇಲೆ ಗುಡ್ಡೆ ಹಾಕಿ, ಅದು ಉಪಯೋಗಕ್ಕೆ ಬರುತ್ತಿದೆಯೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

"ಮಿಕ್ಸರ್ ಇರವಲ್ದ್ಯಾಕ, ಮೊದಲ ಇದನ್ನ ಕಳಸು," ಎಂದರು ಅವರು. "ಇದನ್ನ ನೋಡಿದ್ರ ಸಾಕು, ಬೆನ್ನ ನೋಯತದ ನಂಗ."

ಇಲ್ಲವೆನ್ನಲು ಬಾಯಿ ಬರಲಿಲ್ಲ. ಚೀಟಿಯ ಮೇಲೆ, ಮೇಘನಾಳ ಶಾಸ್ತ್ರಕ್ಕೆ ತಿಲಾಂಜಲಿಯಿಟ್ಟು, ಹೊಸ ಮಂಚದ ಪೂರ್ತಿ ಬೆಲೆಯನ್ನೇ ಬರೆದು ಅಂಟಿಸಿದೆ. ಮಾರಾಟಕ್ಕೆ ಇಟ್ಟಂತೆಯೂ ಆಯಿತು, ಯಾರೂ ಒಯ್ಯದಂತೆಯೂ ಆಯಿತು.

ಭಾನುವಾರ ನನ್ನ ಲೆಕ್ಕಾಚಾರದಂತೆಯೇ ನಡೆಯಿತು. ಮಿಕ್ಸರ್ ಹೋಯಿತು, ಟೀಪಾಯಿ ಹೋಯಿತು. ಪಾರ್ಕಿಂಗ್‌ಗೆ ಇಳಿಸಿದ್ದ ಮಂಚದ ಚೀಟಿ ಓದಿದವರು ಮುಗುಳ್ನಕ್ಕು ಮುಂದೆ ಹೋದರು. ನಾನು ನಿಶ್ಚಿಂತಳಾಗಿ ಮನೆಯಿಂದ ಟೇಬಲ್ ಫ್ಯಾನ್ ತಂದು, ಪಕ್ಕದ ಕಂಬದ ಪ್ಲಗ್ಗಿಗೆ ಸಿಕ್ಕಿಸಿ, ಗಾಳಿ ಹಾಕಿಕೊಳ್ಳುತ್ತ ಕೂತೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಹೆಂಗಸು ಬಂದಳು. ನೂಲಿನ ಸೀರೆ, ಕೈಯಲ್ಲಿ ತರಕಾರಿ ಚೀಲ, ನಿದ್ದೆಗೆಟ್ಟ ಕಣ್ಣು. ಮಂಚದ ಸರಳುಗಳನ್ನು ಮುಟ್ಟಿ ಮುಟ್ಟಿ ನೋಡಿ ಮರಾಠಿಯಲ್ಲಿ ಬೆಲೆ ವಿಚಾರಿಸಿದಳು. ಬಿಸಿಲಿಗೆ ನಾನು "ಅಯ್ಯ ಶಿವನೇ" ಎಂದದ್ದು ಕಿವಿಗೆ ಬಿದ್ದದ್ದೇ ಅವಳ ಮುಖವರಳಿತು. "ಕನ್ನಡದವರೇನ್ರಿ? ನಮ್ಮದು ಬಾಗಲಕೋಟಿ ಕಡೆ." ಹಿಂದಿನ ಓಣಿಯಲ್ಲಿ ಮನೆಯಂತೆ. ಬಚ್ಚಲಲ್ಲಿ ಜಾರಿ ಬಿದ್ದು ಅತ್ತೆಯ ಸೊಂಟದ ಎಲುಬು ಮುರಿದಿತ್ತು; ಮರುದಿನವೇ ಆಸ್ಪತ್ರೆಯಿಂದ ಮನೆಗೆ ಕರೆತರಬೇಕಿತ್ತು. ಬೆಲೆ ಕೇಳಿ ಅವಳು ಚೌಕಾಸಿ ಮಾಡಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದಳು:

"ಒಂದ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇದರ ಮ್ಯಾಲ ಮಲಗಿದ್ದವ್ರು... ಎದ್ದ್ರೇನ್ರಿ?"

ಗೆಳೆಯರೇ, ಇಷ್ಟು ತಿಂಗಳಲ್ಲಿ ಯಾರು ವಿಚಾರಿಸಿದರೂ "ಅಡ್ಡಿಯಿಲ್ಲ, ನಡದದ" ಎಂದು ಅರ್ಧ ಬಾಯಿಯಲ್ಲಿ ಹೇಳಿ ಮಾತು ತಿರುಗಿಸುತ್ತಿದ್ದೆ. ಎದ್ದರು ಎಂದು ಗಟ್ಟಿಯಾಗಿ ಹೇಳಿದರೆ ದೈವ ಎಲ್ಲೋ ಕಿವಿಗೊಟ್ಟು ಕೇಳಿಸಿಕೊಂಡೀತೆಂಬ ಅಂಜಿಕೆ. ಈಗಲೂ ಫ್ಯಾನಿನ ಮುಖವನ್ನು ಅವಳ ಕಡೆ ತಿರುಗಿಸಿದೆ.

ಉತ್ತರ ಬಂದದ್ದು ನನ್ನ ಬೆನ್ನ ಹಿಂದಿನಿಂದ. "ಮಲಗಿದಾಂವ ನಾನ ತಂಗೀ. ತಡಿ, ತೋರಸ್ತೀನಿ," ಎನ್ನುತ್ತ ನನ್ನ ಗಂಡ ಚಪ್ಪಲಿ ಬಿಟ್ಟು, ಕಾರುಗಳ ಮಧ್ಯೆ, ಅಷ್ಟೂ ಜನರೆದುರು ಆ ಮಂಚದ ಮೇಲೆ ಹೋಗಿ ಮಲಗಿಬಿಟ್ಟರು. "ಹಿಡಿಕಿ ತಿರುವು."

ತಿರುವಿದೆ. ಕಿರ್ರೆನ್ನುವ ಅದೇ ಸದ್ದು. ದಿಂಬಿನ ಜೊತೆ ಮೆಲ್ಲಗೆ ಮೇಲೆದ್ದು ಬರುವ ಅದೇ ಮುಖ. ಮಲಗಿದವರು ಅಲ್ಲೇ ಉಳಿದುಬಿಟ್ಟರೆ? ಅವರು ಮಾತ್ರ ಕಸರತ್ತಿನ ಮಾಸ್ತರರಂತೆ ವಿವರಿಸುತ್ತಿದ್ದರು: "ನೋಡು, ಮೊದಲ ಮಗ್ಗಲಿಗೆ ಹೊಳ್ಳೂದು. ಆಮ್ಯಾಲ ಮೊಣಕೈ ಊರೂದು. ಅವಸರ ಮಾಡಬಾರದು. ಕಾಲ ಕೆಳಗ ಬಿಟ್ಟು, ಉಸರ ತಗೊಂಡು..." ಎದ್ದು ನಿಂತರು. ಸರಳು ಹಿಡಿಯಲಿಲ್ಲ. ನನ್ನ ಕೈಯನ್ನೂ ಹಿಡಿಯಲಿಲ್ಲ.

"ಎದ್ದ್ರು," ಎಂದೆ ನಾನು. ನನ್ನ ದನಿ ನನಗೇ ಕೇಳಿಸುವಷ್ಟು ಗಟ್ಟಿಯಾಗಿ.

"ಹಂಗಾದ್ರ ಇದ ಬೇಕ್ರಿ ನಮಗ," ಎಂದಳು ಆಕೆ, ಕಣ್ಣೊರೆಸಿಕೊಂಡು.

ಹೊಸ ಮಂಚ ಸಿಕ್ಕರೂ ಅವಳಿಗೆ ಬೇಕಾದದ್ದು ಅದರಲ್ಲಿರಲಿಲ್ಲ. ಹೊಸ ಮಂಚದಿಂದ ಇನ್ನೂ ಯಾರೂ ಎದ್ದಿರುವುದಿಲ್ಲ. ನಾನು ಇಷ್ಟು ದಿನ ಕೇಡನ್ನು ಕಟ್ಟಿಹಾಕುವ ಗೂಟವೆಂದು ಕಾದುಕೊಂಡಿದ್ದ ವಸ್ತುವೇ ಅವಳ ಕಣ್ಣಿಗೆ ಭರವಸೆಯಾಗಿ ಕಂಡಿತ್ತು. ಹೊಸದರ ಅರ್ಧ, ಗೀರಿದ್ದರೆ ಕಾಲು ಎಂಬ ಲೆಕ್ಕದಲ್ಲಿ ಇದನ್ನು ಎಲ್ಲಿ ಸೇರಿಸುವುದು?

ನನ್ನ ಗಂಡನಿಗೆ ಅಂಥ ತೊಡಕಿರಲಿಲ್ಲ. ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು, ಅದರ ಮೇಲಿದ್ದ ಬೆಲೆಯ ಕಾಲುಭಾಗ ಹೇಳಿದರು. ಹಾಸಿಗೆಯನ್ನೂ ಕೊಟ್ಟರು. ಟೆಂಪೋದವನು ಮಂಚವೇರಿಸುವಾಗ, "ಮುದುಕಿಗೆ ಸೆಕಿ ಆಗ್ತದವ್ವಾ, ಇದನ್ನೂ ಒಯ್ಯಿ," ಎಂದು ನನ್ನ ಪಕ್ಕದಲ್ಲಿ ತಿರುಗುತ್ತಿದ್ದ ಫ್ಯಾನಿನ ಪ್ಲಗ್ಗು ಕಿತ್ತು ಅವಳ ಕೈಗಿತ್ತರು.

ಆಕೆ ಹೋಗುವವರೆಗೆ ತಡೆದುಕೊಂಡಿದ್ದೆ. ಮೆಟ್ಟಿಲು ಹತ್ತುವಾಗ ಆಗಲಿಲ್ಲ.

"ಮಂಚ ಕೊಟ್ರಿ, ಛಲೋ ಆತು. ನನ್ನ ಫ್ಯಾನ್ ಯಾಕ ಕೊಟ್ರಿ? ಅದು ಮಾರಾಕ ಇಟ್ಟಿದ್ದಿಲ್ಲ."

"ಒಂದ ಫ್ಯಾನಿಗೆ ಇಷ್ಟ್ ಯಾಕ ಒದರ್ತಿ?"

"ಒದರ್ತೀನಿ. ಕೇಳಿ ಕೊಟ್ಟಿದ್ರ ಒದರ್ತಿದ್ದಿಲ್ಲ."

ನನ್ನ ಸ್ವರ ಎಷ್ಟು ಎತ್ತರಕ್ಕೇರಿತ್ತೆಂದರೆ ನನಗೇ ಬೆರಗಾಯಿತು. ಅವರು ಬಿದ್ದ ದಿನದಿಂದ ನಾನು ಮನೆಯಲ್ಲಿ ದನಿಯೆತ್ತಿರಲಿಲ್ಲ. ಮಲಗಿದವರ ಜೊತೆ ಜಗಳವಾಡಲಾಗದು. ಸಿಟ್ಟು ಬಂದರೆ ನುಂಗಿ, ಗಂಜಿ ಆರಿಸಿ ಕುಡಿಸಬೇಕು. ಜಗಳಕ್ಕೆ ಸಮಬಲರಿಬ್ಬರು ಬೇಕು, ಇಬ್ಬರೂ ನಿಂತಿರಬೇಕು. ಇವರು ನನಗಿಂತ ಎರಡು ಮೆಟ್ಟಿಲು ಮೇಲೆ ನಿಂತು, ಸೊಂಟದ ಮೇಲೆ ಕೈಯಿಟ್ಟು ವಾದ ಮಾಡುತ್ತಿದ್ದರು.

ಎದುರುಮನೆಯ ಮರಾಠಿ ಕಾಕೂ ಬಾಗಿಲು ತೆರೆದು ಇಣುಕಿದರು. ಇವರು ಮಲಗಿದ್ದ ದಿನಗಳಲ್ಲಿ ನಮಗೆ ಡಬ್ಬಿ ತುಂಬ ಊಟ ತಂದುಕೊಟ್ಟವರು ಅವರು. ಜಗಳವಾಡುತ್ತಿದ್ದೀರಾ ಎಂದು ಮರಾಠಿಯಲ್ಲಿ ಕೇಳಿದರು. "ಹೋ ಕಾಕೂ," ಹೌದು, ಎಂದೆ. ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಭಾಂಡಾ, ಭಾಂಡಾ," ಜಗಳಾಡಿ, ಜಗಳಾಡಿ, ಎಂದು ತುಂಬು ಮನಸ್ಸಿನಿಂದ ಹರಸಿ ಬಾಗಿಲು ಹಾಕಿಕೊಂಡರು.

ನಾವು ಮುಂದುವರಿಸಿದೆವು. ಅಡುಗೆಮನೆ ಮುಟ್ಟುವಷ್ಟರಲ್ಲಿ ಜಗಳ ಫ್ಯಾನನ್ನು ಎಲ್ಲೋ ಹಿಂದೆ ಬಿಟ್ಟು, ನಮ್ಮ ಮನೆಯ ಹಳೆಯ ಪದ್ಧತಿಯಂತೆ, ಅವರ ಅಕ್ಕ ನನಗೆ ಮದುವೆಯಲ್ಲಿ ಉಡಿಸಿದ ಬಣ್ಣಗೇಡಿ ಸೀರೆಯವರೆಗೂ ಹೋಗಿ ತಲುಪಿತ್ತು.